ಬೆನ್ನುಹುರಿಗೆ ಅಲ್ಟ್ರಾಸೌಂಡ್: ಹೊಲ ಮಾರುವ ಮೊದಲು

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಕಳೆದ ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿಯಲು ಮರ ಹತ್ತಿ ಬಿದ್ದ. ದಾವಣಗೆರೆಯಲ್ಲಿ ಆಪರೇಷನ್ ಮಾಡಿ ಬೆನ್ನಿಗೆ ರಾಡ್ ಹಾಕಿದ್ದಾರೆ. ಸೊಂಟದ ಕೆಳಗೆ ಸ್ವಾಧೀನವೂ ಇಲ್ಲ, ಸ್ಪರ್ಶವೂ ಇಲ್ಲ. ಮೂತ್ರದ ಪೈಪು ಹಾಗೇ ಇದೆ. ಅಲ್ಟ್ರಾಸೌಂಡ್ ಹಾಯಿಸಿ ಬೆನ್ನುಹುರಿಯೊಳಗೆ ಔಷಧಿ ಸೇರಿಸುವ ಚಿಕಿತ್ಸೆ ಬಂದಿದೆ ಅಂತ ಮೊಬೈಲಿನಲ್ಲಿ ನೋಡಿದೆವು. ಅಪ್ಪ ಎರಡೆಕರೆ ಮಾರಲು ತಯಾರಿದ್ದಾರೆ. ಎಲ್ಲಿಗೆ ಕರೆದೊಯ್ಯಬೇಕು, ತಿಳಿಸಿ ಡಾಕ್ಟರೇ.
– ಹೆಸರು ಬೇಡ, ನೀಲಗುಂದ, ಹರಪನಹಳ್ಳಿ ತಾಲ್ಲೂಕು

ಉತ್ತರ: ಹೊಲ ಮಾರಬೇಡಿ ಎಂದು ಅಪ್ಪನಿಗೆ ಮೊದಲು ಹೇಳಿ. ಮಿಕ್ಕಿದ್ದು ಆಮೇಲೆ.

ನೀವು ನೋಡಿದ್ದು ಪೂರಾ ಸುಳ್ಳೇನೂ ಇರಲಾರದು. ಮಿದುಳು, ಬೆನ್ನುಹುರಿಗಳ ರಕ್ತನಾಳಗಳು ಬೇರೆ ಅಂಗಗಳ ನಾಳಗಳಂತಲ್ಲ. ಅವುಗಳ ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದಾಗ ಉಳಿದ ಅಂಗಗಳಿಗೆಲ್ಲ ಬಣ್ಣ ಹತ್ತಿತು, ಇವೆರಡಕ್ಕೆ ಹತ್ತಲಿಲ್ಲ. ವಿಷ, ರೋಗಾಣುಗಳನ್ನು ಹೊರಗಿಡುವ ಈ ತಡೆಯೇ ಬಹಳಷ್ಟು ಔಷಧಿಗಳನ್ನೂ ಹೊರಗೇ ನಿಲ್ಲಿಸುತ್ತದೆ.

ಈ ತಡೆಯನ್ನು ಸಡಿಲಿಸುವ ಉಪಾಯ ಹೀಗಿದೆ. ಕೆಂಪು ರಕ್ತಕಣಕ್ಕಿಂತ ಚಿಕ್ಕದಾದ ಅನಿಲದ ಗುಳ್ಳೆಗಳನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಹೊರಗಿನಿಂದ ಅಲ್ಟ್ರಾಸೌಂಡ್ ಅಲೆಗಳನ್ನು, ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕಿಗೆ ಕೂಡಿಸುವಂತೆ, ಒಂದೇ ಜಾಗಕ್ಕೆ ಕೂಡಿಸುತ್ತಾರೆ. ಅಲ್ಲಿರುವ ಗುಳ್ಳೆಗಳು ಉಬ್ಬಿ ಕುಗ್ಗುತ್ತ ನಾಳದ ಗೋಡೆಯನ್ನು ಒಳಗಿನಿಂದ ತಟ್ಟುತ್ತವೆ. ಬಿಗಿ ಸಡಿಲುತ್ತದೆ. ಕೆಲವು ಗಂಟೆಗಳ ನಂತರ ಮತ್ತೆ ಮುಚ್ಚಿಕೊಳ್ಳುತ್ತದೆ. 2001ರಲ್ಲಿ ವಿಜ್ಞಾನಿ ಕುಲ್ಲರ್ವೊ ಹಿನಿನೆನ್ ಅವರ ತಂಡ ಮೊಲಗಳ ಮಿದುಳಿನಲ್ಲಿ ಇದನ್ನು ಮಾಡಿ ತೋರಿಸಿತು. ಈಗ ಮನುಷ್ಯರ ಮಿದುಳಿನವರೆಗೂ ಬಂದಿದೆ: 2024ರಲ್ಲಿ ಅಮೆರಿಕದಲ್ಲಿ ಮೂವರು ಆಲ್ಝೈಮರ್ ರೋಗಿಗಳ ವರದಿ ಪ್ರಕಟವಾಯಿತು.

ಬೆನ್ನುಹುರಿಯ ವಿಷಯಕ್ಕೆ ಬಂದರೆ ಕೆಲಸ ಬಹುಪಾಲು ಇಲಿ, ಮೊಲ, ಹಂದಿಗಳಲ್ಲೇ ಇದೆ. ಕೆನಡಾದ ಟೊರಾಂಟೊದಲ್ಲಿ ಮೀಗನ್ ಓರೈಲಿ ಅವರ ತಂಡ ಇದರಲ್ಲೇ ತೊಡಗಿದೆ. ಕಿರುಬೆರಳಿನಷ್ಟು ದಪ್ಪದ ಹುರಿ. ಸುತ್ತಲೂ ಮುಳ್ಳುಮುಳ್ಳಾದ ಮೂಳೆ. ಅಲೆ ಮೂಳೆಗೆ ತಾಗಿ ದಿಕ್ಕು ತಪ್ಪುತ್ತದೆ, ಕಿರಿದಾದ ಕಾಲುವೆಯೊಳಗೆ ಮರಳಿ ಮರಳಿ ಬಡಿಯುತ್ತದೆ, ಉಸಿರಾಡಿದಾಗ ಗುರಿಯೇ ಅಲುಗುತ್ತದೆ. ಒತ್ತಡ ಸ್ವಲ್ಪ ಹೆಚ್ಚಾದರೂ ರಕ್ತಸ್ರಾವ. ಬೆನ್ನುಹುರಿಗೆ ಇದು ಚಿಕಿತ್ಸೆಯೆಂದು ಮಂಜೂರಾಗಿಲ್ಲ. ಆದ್ದರಿಂದ ‘ಎಲ್ಲಿಗೆ ಕರೆದೊಯ್ಯಬೇಕು’ ಎಂಬ ನಿಮ್ಮ ಪ್ರಶ್ನೆಗೆ ನಾನು ಕೊಡುವ ವಿಳಾಸ ಯಾವುದೂ ಇಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಅಲ್ಟ್ರಾಸೌಂಡ್ ದಾರಿ ಬಿಡಿಸುತ್ತದೆ, ಅಷ್ಟೆ. ಆ ದಾರಿಯಲ್ಲಿ ಹೋಗಬೇಕಾದ ಔಷಧಿ ಬೇರೆಯೇ ಇರಬೇಕು. ಬೆನ್ನುಹುರಿಗೆ ಹರಡಿದ ಕ್ಯಾನ್ಸರಿಗೆ ಔಷಧಿಗಳಿವೆ, ಒಳಹೋಗುವುದೇ ಕಷ್ಟ. ಅಂಥ ಕಡೆ ಈ ತಂತ್ರದ ಮೇಲೆ ನನಗೂ ಆಸೆಯಿದೆ. ಬಿದ್ದು ಜಜ್ಜಿದ ಹುರಿಯಲ್ಲಿ ಆ ತಡೆ ಪೆಟ್ಟು ಬಿದ್ದ ಹೊತ್ತಿಗೇ ಒಡೆದಿರುತ್ತದೆ. ಅಲ್ಲಿ ಕೊರತೆಯಿರುವುದು ತುಂಡಾದ ನರತಂತುಗಳನ್ನು ಮತ್ತೆ ಬೆಳೆಸುವ ಔಷಧಿಯದು. ಅಂಥದ್ದು ಇನ್ನೂ ಯಾರ ಕೈಯಲ್ಲೂ ಇಲ್ಲ. ಸ್ಟೆಮ್‌ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕಳೆದುಕೊಂಡ ಮನೆಗಳನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಬರೆಯುತ್ತಿದ್ದೇನೆ. ಯಾರಾದರೂ ‘ಇದು ಟ್ರಯಲ್’ ಎಂದರೆ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. 2009ರಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯ. ಸಂಖ್ಯೆ ಕೊಡದೆ ಮುಂಗಡ ಕೇಳಿದರೆ ಎದ್ದು ಬನ್ನಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಮೂತ್ರದ ಪೈಪು. ವರ್ಷಗಟ್ಟಲೆ ಒಳಗೇ ಇದ್ದರೆ ಸೋಂಕು, ಕಲ್ಲು, ಕೊನೆಗೆ ಕಿಡ್ನಿಗೂ ತೊಂದರೆ. ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ನಳಿಕೆ ತೂರಿಸಿ ಮೂತ್ರ ತೆಗೆದು, ನಳಿಕೆ ಹೊರತೆಗೆಯುವ ಪದ್ಧತಿ ಇದೆ. ತಮ್ಮನ ಕೈಗಳು ಗಟ್ಟಿಯಿವೆಯಲ್ಲ, ಕಲಿಯಬಲ್ಲ. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಗೆ, ಹಿಮ್ಮಡಿಗೆ ಕೆಂಪು ಕಂಡಿತೇ ಎಂದು ದಿನಾ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ. ಆಪರೇಷನ್ ಮಾಡಿದ ವೈದ್ಯರಿಂದ ಚೀಟಿ ಬರೆಸಿಕೊಂಡು ಅಲ್ಲಿಗೆ ಹೋಗಿ. ಗಾಲಿಕುರ್ಚಿಗೆ ತಾನೇ ಹತ್ತಿ ಇಳಿಯುವುದನ್ನು ಕಲಿತವನ ಬದುಕಿಗೂ, ಹಾಸಿಗೆಯಲ್ಲೇ ಉಳಿದವನ ಬದುಕಿಗೂ ಹೋಲಿಕೆಯೇ ಇಲ್ಲ.

ಪ್ರಶ್ನೆ: (ಅದೇ ಪತ್ರದಿಂದ) ಫಿಸಿಯೋಥೆರಪಿಯವರ ಹತ್ತಿರವೂ ಅಲ್ಟ್ರಾಸೌಂಡ್ ಮಿಷನ್ ಇದೆ. ಅಲ್ಲಿಯವರೆಗೆ ಅದನ್ನೇ ಬೆನ್ನಿಗೆ ಹಿಡಿಸಬಹುದೆ?

ಉತ್ತರ: ಬೇಡ. ಅದು ಸ್ನಾಯುಗಳನ್ನು ಬೆಚ್ಚಗೆ ಮಾಡುವ ಯಂತ್ರ, ಬೆನ್ನುಹುರಿಗೆ ಔಷಧಿ ಸೇರಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಪರ್ಶವಿಲ್ಲದ ಕಡೆ ಹಿಡಿದರೆ ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲಕ್ಕೂ ಇದೇ ಮಾತು. ಫಿಸಿಯೋಥೆರಪಿಯವರಿಂದ ತೋಳು, ಭುಜಗಳ ವ್ಯಾಯಾಮ ಮಾಡಿಸಿ, ಕಾಲಿನ ಕೀಲುಗಳು ಬಿಗಿಯದಂತೆ ದಿನವೂ ಮಡಿಸಿ ಚಾಚುವುದನ್ನು ಮನೆಯವರೂ ಅವರಿಂದಲೇ ಕಲಿಯಿರಿ.