ಏರ್‌ಬ್ಯಾಗ್ ಮುಚ್ಚಳ ಬಿಚ್ಚುವ ಮುನ್ನ
ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬಿಸಿಲಿಗೆ ಬಣ್ಣಗೆಟ್ಟ ಡ್ಯಾಶ್‌ಬೋರ್ಡನ್ನು ಹೊಸದಾಗಿಸಲು ಹೊರಟವರು, 2021ರ ಏಪ್ರಿಲ್ 1ರಿಂದ ಭಾರತದ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾದ ಪ್ರಯಾಣಿಕರ ಏರ್‌ಬ್ಯಾಗಿನ ಮುಚ್ಚಳದಡಿ ಇನ್‌ಫ್ಲೇಟರ್, ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅನಿಲ ತುಂಬಿ ಚೀಲವನ್ನು ಉಬ್ಬಿಸುವ ಸಾಧನ, ಇದೆಯೆಂಬುದನ್ನು ಮೊದಲು ಅರಿಯಬೇಕು. ಇಗ್ನಿಷನ್ ಆರಿಸಿ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದರೂ, ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಶಕ್ತಿ ಉಳಿದಿರುವುದರಿಂದ, ಆಯಾ ಕಾರಿನ ಸರ್ವಿಸ್ ಕೈಪಿಡಿ ಹೇಳಿದಷ್ಟು ನಿಮಿಷ ಕಾದ ನಂತರವೇ ಏರ್‌ಬ್ಯಾಗಿನ ಹಳದಿ ಕನೆಕ್ಟರನ್ನು ಬಿಡಿಸಬೇಕು; ಮಲ್ಟಿಮೀಟರನ್ನಂತೂ ಅದಕ್ಕೆ ತಾಗಿಸಲೇಬಾರದು. ಕಳಚಿದ ಘಟಕವನ್ನು ಮುಚ್ಚಳ ಮೇಲ್ಮುಖವಾಗಿರುವಂತೆಯೇ ಇಡತಕ್ಕದ್ದು. ಮುಚ್ಚಳದ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾಣುವ ತೆಳುವಾದ ಗೀರು ಚೀಲ ಸೀಳಿಕೊಂಡು ಹೊರಬರುವ ದಾರಿಯಾದ್ದರಿಂದ, ಅಲ್ಲಿ ಪುಟ್ಟಿ ತುಂಬುವುದಾಗಲಿ ಮೇಲೆ ರೆಕ್ಸಿನ್ ಅಂಟಿಸುವುದಾಗಲಿ ಪ್ರಾಣಕ್ಕೇ ಎರವಾದೀತು. ಮುಚ್ಚಳವು ಡ್ಯಾಶ್‌ಬೋರ್ಡಿನೊಡನೆ ಒಂದೇ ಅಚ್ಚಿನಲ್ಲಿ ಎರಕಗೊಂಡಿದ್ದರೆ ಕೊಯ್ಯುವ ಗೋಜಿಗೇ ಹೋಗದೆ, ಬಿರುಕು ಬಿಟ್ಟಿದ್ದರೆ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬದಲಿಸಿಕೊಳ್ಳುವುದೇ ಕ್ಷೇಮ.