ಡಿಸ್ಕಿನ ಬೆಲೆ, ಡಿಸ್ಕಿನೊಳಗಿನ ಬೆಲೆ

ನೀರೋ ಕಾಫಿಯೋ ಬಿದ್ದ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಹೋದವರು ಮೊದಲು ಕೇಳುವುದು ‘ರಿಪೇರಿಗೆ ಎಷ್ಟಾಗುತ್ತೆ?’ ಎಂದು. ಅದಕ್ಕೂ ಮೊದಲು ಮನೆಯಲ್ಲೇ ಕೂತು ಇನ್ನೊಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಅದರ ಡಿಸ್ಕಿನಲ್ಲಿ ಇರುವುದಕ್ಕೆ ನಾನು ಎಷ್ಟು ಕೊಡಲು ತಯಾರಿದ್ದೇನೆ? ಈ ಎರಡನೆಯ ಮೊತ್ತ ಗೊತ್ತಿಲ್ಲದೆ ಖರ್ಚಿಗೆ ಇಳಿದರೆ ಹಣವೂ ಹೋಗುತ್ತದೆ, ಫೈಲುಗಳೂ ಹೋಗುತ್ತವೆ. ಯಂತ್ರ ಉಳಿಸುವ ದಾರಿ ಬೇರೆ, ಡೇಟಾ ಉಳಿಸುವ ದಾರಿ ಬೇರೆ. ಮೊದಲನೆಯದರಲ್ಲಿ ಮುಂದೆ ಹೋದರೆ ಎರಡನೆಯದು ಮುಚ್ಚಿಹೋಗಬಹುದು.

ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಬೆಕ್ಕು ಮೇಜಿಗೆ ಹಾರಿ, ತುಂಬಿದ ಲೋಟ ಬೆಲ್ಲದ ಕಾಫಿಯನ್ನು ಕೀಬೋರ್ಡ್ ಮೇಲೆ ಉರುಳಿಸಿತು. ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಯಂತ್ರವನ್ನು ಬೋರಲು ಇಟ್ಟೆವು. ಅಕ್ಕಿ ಡಬ್ಬದಲ್ಲಿ ಹೂತಿಡಿ ಎಂದು ನೆಂಟರೊಬ್ಬರು ಹೇಳಿದರು. ಅಕ್ಕಿಯಿಂದ ಇಲ್ಲಿ ಏನೂ ಪ್ರಯೋಜನವಿಲ್ಲ. ನೀರು ಹೇಗೂ ಆರುತ್ತದೆ. ಬೆಲ್ಲ ಮತ್ತು ಹಾಲಿನ ಅಂಟು ಮಾತ್ರ ಒಳಗೇ ಕೂತು, ಗಾಳಿಯ ತೇವ ಹೀರುತ್ತಾ ತಾಮ್ರವನ್ನು ತಿನ್ನುತ್ತದೆ. ಆಷಾಢದ ಶಿವಮೊಗ್ಗದಲ್ಲಿ ತೇವಕ್ಕೆ ಬರವೇ?

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೆಳಗಿನ ಮುಚ್ಚಳ ಬಿಚ್ಚಿ ನೋಡಿದರು. ಒಳಗೊಂದು ಪುಟ್ಟ ಬಿಳಿ ಸ್ಟಿಕ್ಕರ್ ಇರುತ್ತದೆ, ತೇವ ತಾಗಿದರೆ ಅದು ಕೆಂಪಾಗುತ್ತದೆ. ನಮ್ಮದು ಕೆಂಪಾಗಿತ್ತು. ಮಾಮೂಲಿ ವಾರಂಟಿಯಲ್ಲಿ ದ್ರವ ಬಿದ್ದ ಹಾನಿ ಸೇರುವುದಿಲ್ಲ. ಅದಕ್ಕೆ ‘ಆಕ್ಸಿಡೆಂಟಲ್ ಡ್ಯಾಮೇಜ್’ ಎಂಬ ಬೇರೆಯೇ ರಕ್ಷಣೆಯನ್ನು ದುಡ್ಡು ಕೊಟ್ಟು ಕೊಂಡಿರಬೇಕು. ಯಂತ್ರ ಆನ್ ಆಗುತ್ತಿತ್ತು, ಆದರೆ ಕಪ್ಪು ಪರದೆಯ ಮೇಲೆ ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದು ಸಾಲು ಬಂದು ಅಲ್ಲೇ ನಿಲ್ಲುತ್ತಿತ್ತು. ಅಂದಾಜು ಪಟ್ಟಿ ಕೈಗೆ ಬಂತು: ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್, ಕೀಬೋರ್ಡ್ ಮೂರೂ ಹೊಸದು, ಜಿಎಸ್‌ಟಿ ಸೇರಿ 34,000 ರೂಪಾಯಿ. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಷರತ್ತು. ಡೇಟಾಗೆ ನಾವು ಹೊಣೆಯಲ್ಲ, ಬದಲಾಯಿಸಿದ ಹಳೆಯ ಭಾಗಗಳು ನಮಗೇ ಸೇರುತ್ತವೆ. ನನ್ನ ಮಟ್ಟಿಗೆ ಆ ಕಾಗದದ ಅತಿ ದುಬಾರಿ ಸಾಲು ಆ ಎರಡನೆಯ ಷರತ್ತು. ಸಹಿ ಹಾಕದೆ ಯಂತ್ರ ವಾಪಸ್ ತಂದೆ.

ಮನೆಗೆ ಬಂದು ಡಿಸ್ಕಿನಲ್ಲಿ ಏನೇನಿತ್ತು ಎಂದು ಬರೆದೆ. ಆದಾಯ ತೆರಿಗೆ ರಿಟರ್ನ್‌ಗಳು ಇಲಾಖೆಯ ಪೋರ್ಟಲ್‌ನಲ್ಲಿವೆ. ತೋಟದ ಪಹಣಿ ‘ಭೂಮಿ’ ಪೋರ್ಟಲ್‌ನಲ್ಲಿ, ಋಣಭಾರ ಪತ್ರ ‘ಕಾವೇರಿ’ ಪೋರ್ಟಲ್‌ನಲ್ಲಿ ಮತ್ತೆ ಸಿಗುತ್ತವೆ. ಮ್ಯೂಚುವಲ್ ಫಂಡ್‌ಗಳ ಒಟ್ಟು ಪಟ್ಟಿಯನ್ನು ಮೇಲ್‌ಗೆ ತರಿಸಿಕೊಳ್ಳಬಹುದು. ಮಾರ್ಕ್ಸ್‌ಕಾರ್ಡ್ ಮೂಲ ಪ್ರತಿಗಳು ಬೀರುವಿನಲ್ಲಿವೆ. ಇಷ್ಟಕ್ಕೂ ನಾನು ಹಾಕಿದ ಬೆಲೆ ಸೊನ್ನೆ. ಮತ್ತೆ ಇಳಿಸಿಕೊಳ್ಳುವ ಬೇಸರ ಬಿಟ್ಟರೆ ನಷ್ಟವಿಲ್ಲ. ಉಳಿದದ್ದು ಎರಡು. ಅಪ್ಪ ಹೇಳುತ್ತಾ ಹೋದಂತೆ ನಾನು ಟೈಪ್ ಮಾಡಿದ ಅಡಿಕೆ ತೋಟದ ವರ್ಷವಾರು ಲೆಕ್ಕ, ಮತ್ತು ಅಮ್ಮನ ದನಿಯಲ್ಲಿ ಮುದ್ರಿಸಿದ್ದ ಹಸೆ ಹಾಡುಗಳು. ಅಮ್ಮ ಈಗಿಲ್ಲ. ಆ ಹಾಡುಗಳ ಎದುರು 25,000 ಎಂದು ಬರೆದೆ. ಭಾವನೆಗೆ ಬೆಲೆ ಕಟ್ಟುವುದು ತಪ್ಪು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೊತ್ತ ಬರೆಯದಿದ್ದರೆ, ಗಾಬರಿಯಲ್ಲಿ ಮೊದಲು ಸಿಕ್ಕವರು ಕೇಳಿದಷ್ಟು ಕೊಡುತ್ತೇವೆ, ಇಲ್ಲವೇ ಇರುವುದನ್ನೂ ಕೈಬಿಟ್ಟು ಬರುತ್ತೇವೆ.

ಮೊತ್ತ ನಿಂತ ಮೇಲೆ ಕೆಲಸದ ಕ್ರಮವೂ ನಿಂತಿತು. ಮೊದಲು ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಪರೀಕ್ಷಿಸಬೇಕು, ಫೈಲು ತೆಗೆಯಬೇಕು, ಲ್ಯಾಪ್‌ಟಾಪ್ ರಿಪೇರಿ ಆಮೇಲೆ.

ಗಾಂಧಿ ಬಜಾರಿನ ಹತ್ತಿರದ ಒಂದು ಚಿಕ್ಕ ರಿಪೇರಿ ಅಂಗಡಿಯ ಹುಡುಗ ನನ್ನೆದುರೇ ಡಿಸ್ಕ್ ಬಿಚ್ಚಿದ. ಎರಡೂವರೆ ಇಂಚಿನ ಹಳೆಯ ಬಗೆಯದು, ಒಳಗೆ ತಟ್ಟೆ ತಿರುಗುವಂಥದ್ದು. ‘ನೋಡಿ ಮೇಡಂ, ಇಲ್ಲಿ’ ಎಂದು ಲೆನ್ಸ್ ಕೊಟ್ಟ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಪಟ್ಟಿ ಕೇಬಲ್ಲಿನ ಬಾಯಲ್ಲಿ ಕಂದು ಬಣ್ಣದ ಬೆಲ್ಲದ ಹೊಪ್ಪಳೆ, ಅದರ ಅಂಚಿನಲ್ಲಿ ಹಸಿರು ಕಿಲುಬು. ಡಿಸ್ಕಿನ ಲೇಬಲ್ ಮೇಲೆ ಗಾಳಿಯಾಡುವ ಒಂದು ಸಣ್ಣ ತೂತು ಇರುತ್ತದೆ, ‘ಮುಚ್ಚಬೇಡಿ’ ಎಂದು ಪಕ್ಕದಲ್ಲೇ ಬರೆದಿರುತ್ತದೆ. ಅದರ ಸುತ್ತ ಕಲೆ ಇಲ್ಲದ್ದನ್ನು ನೋಡಿಯೇ ಅವನು ಮುಂದುವರಿದ. ಅಲ್ಲಿಂದ ಕಾಫಿ ಒಳಗಿಳಿದಿದ್ದರೆ ಕರೆಂಟ್ ಕೊಡಲೇಬಾರದು. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಹೆಡ್ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಡುವೆ ಒಂದಿಷ್ಟು ಅಂಟು ಸಿಕ್ಕರೂ ತಟ್ಟೆ ಗೀರಿಹೋಗುತ್ತದೆ.

ಅವನು ಡಿಸ್ಕಿನ ಕೆಳಗಿನ ಹಸಿರು ಸರ್ಕ್ಯೂಟ್ ಬೋರ್ಡ್ ಬಿಚ್ಚಿ, ಸಂಪರ್ಕದ ಚುಕ್ಕಿಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬೇರೆ ಕಂಪ್ಯೂಟರಿಗೆ ಹಚ್ಚಿದ. ‘ಟಕ್ ಟಕ್ ಅಂದ್ರೆ ತಕ್ಷಣ ತೆಗೀತೀನಿ’ ಎಂದ. ಆ ಸದ್ದು ಬಂದರೆ ಹೆಡ್ ಕೆಟ್ಟಿದೆ ಎಂದರ್ಥ. ಆಮೇಲೆ ಪ್ರತಿ ಸಲ ಆನ್ ಮಾಡಿದಾಗಲೂ ಉಳಿದಿರುವುದು ಕಡಿಮೆಯಾಗುತ್ತದೆ, ದೂಳಿಲ್ಲದ ಕೋಣೆಯಿರುವ ಡೇಟಾ ರಿಕವರಿ ಲ್ಯಾಬೇ ಗತಿ. ಅಂಥ ಲ್ಯಾಬೊಂದಕ್ಕೆ ನಾನು ಮೊದಲೇ ಫೋನ್ ಮಾಡಿ ಕೇಳಿದ್ದೆ. ಡಿಸ್ಕ್ ತೆರೆಯಬೇಕಾದರೆ 30,000ದ ಮೇಲೆ ಎಂದಿದ್ದರು. ನನ್ನ ಚೀಟಿಯ ಮೊತ್ತ ದಾಟುತ್ತಿತ್ತು. ಆದರೂ ಸತ್ತಂತೆ ಕಾಣುವ ಡಿಸ್ಕನ್ನು ಬಿಸಾಡಬಾರದು. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಒಡೆದು ಬಿದ್ದಾಗ ಅವಶೇಷಗಳಲ್ಲಿ ಸಿಕ್ಕ, ಸುಟ್ಟುಹೋಗಿದ್ದ ಒಂದು ಡಿಸ್ಕಿನಿಂದ ತಜ್ಞರು ಸುಮಾರು ಶೇಕಡಾ 99ರಷ್ಟು ಮಾಹಿತಿ ಹೊರತೆಗೆದಿದ್ದರು. ಕೈಯಲ್ಲಿ ದುಡ್ಡಾಗುವವರೆಗೆ ಡಿಸ್ಕ್ ಕಪಾಟಿನಲ್ಲಿ ಕಾಯಬಹುದು.

ನಮ್ಮ ಡಿಸ್ಕ್ ಸದ್ದಿಲ್ಲದೆ ತಿರುಗಿತು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯದ ಅಂಕಿಗಳನ್ನು ತೋರಿಸುತ್ತದೆ. ಇದನ್ನು ನೋಡಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಸಿಆರ್‌ಸಿ ದೋಷಗಳ ಎಣಿಕೆ ಮಾತ್ರ ಏರಿದ್ದರೆ ಕೆಟ್ಟಿರುವುದು ಬಹುಪಾಲು ಕೇಬಲ್, ಡಿಸ್ಕ್ ಅಲ್ಲ. ನಮ್ಮದರಲ್ಲಿ ಅದರ ಜೊತೆಗೆ, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಎಣಿಕೆಯೂ ನೋಡನೋಡುತ್ತಲೇ ಹೆಚ್ಚುತ್ತಿತ್ತು. ಅಂದರೆ ಕೇಬಲ್ಲೂ ಹೋಗಿತ್ತು, ಡಿಸ್ಕೂ ಹೊರಟಿತ್ತು. ಇಂಥ ಹೊತ್ತಿನಲ್ಲಿ ‘ಡಿಸ್ಕ್ ರಿಪೇರಿ ಮಾಡುತ್ತೇನೆ’ ಎನ್ನುವ ಯಾವ ತಂತ್ರಾಂಶವನ್ನೂ ಓಡಿಸಬಾರದು. ಉಳಿದ ಉಸಿರನ್ನು ನಕಲಿಗೇ ಮೀಸಲಿಡಬೇಕು. ‘ಯಾವ ಫೋಲ್ಡರ್ ಮೊದಲು ಮೇಡಂ?’ ಎಂದು ಕೇಳಿದ. ಬರೆದು ತಂದಿದ್ದ ಚೀಟಿ ಕೊಟ್ಟೆ. ಹಾಡು ಮೊದಲು ಬಂತು, ಆಮೇಲೆ ಲೆಕ್ಕದ ಹಾಳೆಗಳು. ಸ್ಕ್ಯಾನ್ ಪ್ರತಿಗಳ ನಡುವೆ ಎಲ್ಲೋ ಡಿಸ್ಕ್ ನಿಂತಿತು, ಮತ್ತೆ ಏಳಲಿಲ್ಲ. ಹೋದದ್ದೆಲ್ಲ ಸೊನ್ನೆ ಬೆಲೆಯ ಫೈಲುಗಳೇ.

ಯಂತ್ರದ ವಿಷಯ ಬೇಗ ಮುಗಿಯಿತು. ಬೋರ್ಡ್ ತೊಳೆದ ಮೇಲೆ ಸರಿಯಾಗಿಯೇ ಇತ್ತು. ಪರೀಕ್ಷೆಗೆ 500, ಫೈಲು ನಕಲಿಗೆ 1,500, ಬೋರ್ಡ್ ಶುಚಿಗೆ 1,500, ಪಟ್ಟಿ ಕೇಬಲ್ 600, ಕೀಬೋರ್ಡ್ 1,800, 500 ಜಿಬಿಯ ಎಸ್‌ಎಸ್‌ಡಿ 3,200. ಒಟ್ಟು 9,100 ರೂಪಾಯಿ. ತಟ್ಟೆ ತಿರುಗುವ ಡಿಸ್ಕನ್ನೇ ಮತ್ತೆ ಹಾಕಿಸುವುದರಲ್ಲಿ ಅರ್ಥವಿಲ್ಲ; ಎಸ್‌ಎಸ್‌ಡಿ ಹಾಕಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ. ಇವುಗಳ ಬೆಲೆ ಮಾತ್ರ ಚಂಚಲ. 2011ರಲ್ಲಿ ಥಾಯ್ಲೆಂಡಿನ ಪ್ರವಾಹಕ್ಕೆ ಹಾರ್ಡ್‌ಡಿಸ್ಕ್ ಕಾರ್ಖಾನೆಗಳೇ ಮುಳುಗಿ ದರ ವಿಪರೀತ ಏರಿತ್ತು. ಕೊಳ್ಳುವ ದಿನದ ದರವನ್ನು ಎರಡು ಕಡೆ ವಿಚಾರಿಸಿ.

ಇಲ್ಲಿ ಜೇಬಿಗೆ ಕತ್ತರಿ ಬೀಳುವ ಜಾಗ ಇನ್ನೊಂದಿದೆ. ಹೊಸ ಡಿಸ್ಕ್ ಹಾಕಿದಾಗ ‘ವಿಂಡೋಸ್ ಬೇರೆ ಕೊಳ್ಳಬೇಕು’ ಎನ್ನುವವರಿದ್ದಾರೆ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪಿನ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕಿಗಲ್ಲ. ಅದೇ ಆವೃತ್ತಿ ಮತ್ತೆ ಹಾಕಿ ಇಂಟರ್ನೆಟ್ ಕೊಟ್ಟರೆ ಅದು ತಾನೇ ಚಾಲೂ ಆಗುತ್ತದೆ. ಬಿಲ್ ಬೇಡವೆಂದರೆ ಒಂದಿಷ್ಟು ಬಿಡುತ್ತೇವೆ ಎಂಬ ಮಾತಿಗೂ ಒಪ್ಪಬೇಡಿ. ಎಸ್‌ಎಸ್‌ಡಿಗಳಿಗೆ ಸಾಮಾನ್ಯವಾಗಿ ಮೂರು ಅಥವಾ ಐದು ವರ್ಷ ವಾರಂಟಿ ಇರುತ್ತದೆ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೈಯಲ್ಲಿದ್ದರೆ ತಕರಾರಿಲ್ಲ. ಹೊಸದೆಂದು ಕೊಟ್ಟ ಡಿಸ್ಕನ್ನು ಅಂಗಡಿಯಲ್ಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ತೆರೆದು, ಓಡಿದ ಗಂಟೆಗಳು ಎಷ್ಟಿವೆ ನೋಡಿ. ಸೊನ್ನೆಯ ಆಸುಪಾಸಿನಲ್ಲಿ ಇರಬೇಕು. ಸಾವಿರಗಳಲ್ಲಿದ್ದರೆ ಅದು ಯಾರೋ ಬಳಸಿ ಬಿಟ್ಟದ್ದು.

ದ್ರವಹಾನಿಯ ವಿಮೆಯ ಬಗ್ಗೆ ಓದುಗರು ಕೇಳುತ್ತಿರುತ್ತಾರೆ. ಹಾಸ್ಟೆಲ್ಲಿನಲ್ಲಿರುವ, ದಿನಾ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಓಡಾಡುವ ಮಕ್ಕಳಿಗೆ ಖರೀದಿಯ ಹೊತ್ತಿಗೇ ಆಕ್ಸಿಡೆಂಟಲ್ ಡ್ಯಾಮೇಜ್ ರಕ್ಷಣೆ ಕೊಡಿಸಿ. ಮನೆಯ ಮೇಜಿನ ಮೇಲೇ ಇರುವ ಯಂತ್ರಕ್ಕೆ ನಾನು ಆ ದುಡ್ಡನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕುತ್ತೇನೆ. ಆ ರಕ್ಷಣೆ ಯಂತ್ರವನ್ನು ಮರಳಿ ಕೊಡುತ್ತದೆ, ಅಮ್ಮನ ದನಿಯನ್ನಲ್ಲ. ಈಗ ಹಾಡುಗಳ ಒಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿದೆ, ಒಂದು ಮೈಸೂರಿನ ಅಕ್ಕನ ಮನೆಯಲ್ಲಿದೆ.

ರಿಪೇರಿಗೆ ಹಾಕಿದ 9,100ನ್ನು ಎರಡು ವರ್ಷದ ಬಳಕೆಯ ಖರ್ಚು ಎಂದೇ ಬರೆದುಕೊಂಡಿದ್ದೇನೆ. ಕಾಫಿ ಕುಡಿದ ಬೋರ್ಡಿನಲ್ಲಿ ಚಿಪ್ಪುಗಳ ಅಡಿ ಉಳಿದ ಅಂಟು ನಿಧಾನವಾಗಿ ತಿನ್ನುತ್ತಿರಬಹುದು, ಹಾಗಾಗಿ ಹೊಸ ಯಂತ್ರಕ್ಕೆಂದು ತಿಂಗಳಿಗೆ 2,000ದ ಆರ್‌ಡಿ ಶುರು ಮಾಡಿದ್ದೇನೆ. ಬೋರ್ಡ್ ಕೈಕೊಟ್ಟ ದಿನ ಇದಕ್ಕೆ ಮತ್ತೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಎಸ್‌ಎಸ್‌ಡಿ ಬಿಚ್ಚಿಕೊಂಡು ಕೆಲವು ನೂರು ರೂಪಾಯಿಯ ಯುಎಸ್‌ಬಿ ಕೇಸಿಗೆ ಹಾಕಿ, ಮುಂದಿನ ಲ್ಯಾಪ್‌ಟಾಪಿಗೆ ಬ್ಯಾಕಪ್ ಆಗಿ ಬಳಸುತ್ತೇನೆ. ಅದರ ವಾರಂಟಿ ಆಗಲೂ ನಡೆಯುತ್ತಿರುತ್ತದೆ.