ಸ್ನಾಯುವಿನೊಳಗಿನ ಕ್ಯಾಲ್ಸಿಯಂ ದ್ವಾರ

ಸಿರುಗುಪ್ಪದ ಭತ್ತದ ಗದ್ದೆಗಳಿಂದಲೂ ಕುರುಗೋಡಿನ ಮೆಣಸಿನಕಾಯಿ ಹೊಲಗಳಿಂದಲೂ ಬಳ್ಳಾರಿಯ ನಮ್ಮ ಚಿಕಿತ್ಸಾಲಯಕ್ಕೆ ಬರುವ ರೈತಬಂಧುಗಳು ಒಂದು ಪ್ರಶ್ನೆಯನ್ನು ಪದೇ ಪದೇ ಕೇಳುತ್ತಾರೆ: “ಈ ಹೊಸ ಎಣ್ಣೆ ಹೊಡೆದರೆ ಹುಳು ಸೆಟೆದು ಸಾಯುತ್ತದೆ. ನಮ್ಮ ಕೈಕಾಲಿಗೂ ಹಾಗೇ ಆದೀತೇ?” ಉತ್ತರಕ್ಕಾಗಿ ನಾವು ಮಾಂಸಧಾತುವಿನ ಒಳಗನ್ನು ನೋಡಬೇಕು.

ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಎಲುಬು, ಹಲ್ಲುಗಳಲ್ಲಿದೆ. ಸ್ನಾಯುವನ್ನು ನಡೆಸುವುದು ಉಳಿದ ಅಲ್ಪಾಂಶವೇ. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಅಯಾನುಗಳನ್ನು ತುಂಬಿಟ್ಟುಕೊಂಡ ಚೀಲಗಳ ಜಾಲವಿದೆ. ಅದರ ಗೋಡೆಯಲ್ಲಿರುವ ದ್ವಾರಕ್ಕೆ ರಯನೋಡಿನ್ ಗ್ರಾಹಕವೆಂದು ಹೆಸರು. ನರದ ಸಂದೇಶ ಬಂದೊಡನೆ ದ್ವಾರ ತೆರೆದು ಅಯಾನುಗಳು ಹೊರಹರಿಯುತ್ತವೆ. ಆಕ್ಟಿನ್, ಮಯೋಸಿನ್ ಎಂಬ ಎಳೆಗಳು ಪರಸ್ಪರ ಸರಿದು ಸ್ನಾಯು ಸಂಕುಚಿಸುತ್ತದೆ. ಬಳಿಕ ದ್ವಾರ ಮುಚ್ಚುತ್ತದೆ; ಪಂಪಿನಂಥ ಪ್ರೋಟೀನೊಂದು ಅಯಾನುಗಳನ್ನು ಚೀಲಕ್ಕೆ ಮರಳಿಸುತ್ತದೆ; ಸ್ನಾಯು ಸಡಿಲಗೊಳ್ಳುತ್ತದೆ. ಬಿಗಿಯಲು ಮಾತ್ರವಲ್ಲ, ಸಡಿಲಗೊಳ್ಳಲೂ ಶಕ್ತಿ ಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದುದನ್ನು ನಾವಾರೂ ಮರೆತಿಲ್ಲ. ಮುಚ್ಚಲಾಗದ ಒಂದೇ ಬಾಗಿಲಿನಿಂದ ಸಂಗ್ರಹವೆಲ್ಲ ಸೋರತೊಡಗಿತ್ತು. ಕಾಂಡಕೊರಕ ಹುಳುವಿಗೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ ಕೀಟದ ಈ ದ್ವಾರವನ್ನು ಹಾಗೆಯೇ ತೆರೆದಿಡುತ್ತದೆ. ಕ್ಯಾಲ್ಸಿಯಂ ಬರಿದಾಗಿ, ಹುಳು ಮೇವು ಬಿಟ್ಟು, ನಿಶ್ಚಲವಾಗಿ ಸಾಯುತ್ತದೆ. ಮಾನವನ ಗ್ರಾಹಕದ ರಚನೆ ಭಿನ್ನ. ಈ ರಾಸಾಯನಿಕವು ಅದರ ಮೇಲೆ ಬೀರುವ ಪ್ರಭಾವ ಬಹಳ ಕಡಿಮೆ. ಆದ್ದರಿಂದಲೇ ಅದರ ಡಬ್ಬಿಯ ಮೇಲೆ ಹಸಿರು ತ್ರಿಕೋನವಿದೆ.

ಆದರೆ ಹಸಿರು ಗುರುತನ್ನು ನಂಬಿ ಮೈಮರೆಯಬಾರದು. ಅನೇಕರು ಒಂದೇ ಟ್ಯಾಂಕಿಗೆ ಎರಡು ಮೂರು ವಿಷಗಳನ್ನು ಬೆರೆಸುತ್ತಾರೆ. ಕೆಂಪು ತ್ರಿಕೋನದ ಮೋನೋಕ್ರೋಟೋಫಾಸ್‌ನಂಥವು ಮನುಷ್ಯನ ನರ–ಸ್ನಾಯುಗಳ ಸಂಧಿಯನ್ನೇ ಕೆಡಿಸುತ್ತವೆ. ಸಿಂಪಡಿಸುವಾಗ ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಇರಲಿ. ಗಾಳಿಗೆ ಎದುರಾಗಿ ಹೊಡೆಯದಿರಿ. ಮುಗಿದೊಡನೆ ಸೋಪಿನಿಂದ ಸ್ನಾನ ಮಾಡಿ, ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

ಸಿಂಪಡಣೆಯ ಬಳಿಕ ಬಾಯಲ್ಲಿ ಜೊಲ್ಲು, ಅತಿಯಾದ ಬೆವರು, ಸ್ನಾಯುಗಳ ಅದುರುವಿಕೆ, ಕಣ್ಣು ಮಂಜಾಗುವುದು, ಉಸಿರಾಟಕ್ಕೆ ತೊಂದರೆ ಕಂಡರೆ ಕಷಾಯ, ಮಜ್ಜಿಗೆ ಎಂದು ಕಾಲ ಕಳೆಯಬಾರದು, ವಾಂತಿ ಮಾಡಿಸಲೂಬಾರದು. ಬಟ್ಟೆ ಬದಲಿಸಿ, ಮೈ ತೊಳೆದು, ವಿಷದ ಡಬ್ಬಿಯೊಡನೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ: ಆ ಗಳಿಗೆಯಲ್ಲಿ ಅಟ್ರೋಪಿನ್ ಚುಚ್ಚುಮದ್ದೇ ಜೀವ ಉಳಿಸುವುದು. ಕಾಯಕ ನಡೆಯಬೇಕಾದರೆ ಕಾಯ ಉಳಿಯಬೇಕು.